ಷಿಕಾರಿಗೆ ಪರವಾನಗಿ, ಉರುಳಿಗೆ ದಂಡ

ಮಾನ್ಯ ಸಂಪಾದಕರೆ,

ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಷಿಕಾರಿ ಕಾಲದ ನೆನಪುಗಳ ಲೇಖನವನ್ನು ಆಸಕ್ತಿಯಿಂದಲೇ ಓದಿದೆ. ಆದರೆ ಬ್ರಿಟಿಷರು ಅರಣ್ಯ ಕಾಯ್ದೆ ತಂದು ಬೇಟೆಗೆ ಕಡಿವಾಣ ಹಾಕಿದರು ಎಂಬ ಅದರ ಮಾತನ್ನು ಒಪ್ಪಲಾಗದು. ಕಾಯ್ದೆಯಿಂದ ಬೇಟೆ ನಿಲ್ಲಲಿಲ್ಲ, ಬೇಟೆಯಾಡುವ ಹಕ್ಕು ಕೈ ಬದಲಾಯಿಸಿತು.

ಬೇಟೆ ನಮ್ಮಲ್ಲಿ ಮೊದಲಿಂದಲೂ ಇತ್ತು. ಹಂದಿಯೊಡನೆ ಸೆಣಸಿ ಸತ್ತ ಕಾಳಿ ಎಂಬ ನಾಯಿಗಾಗಿ ಹತ್ತನೆಯ ಶತಮಾನದಲ್ಲೇ ಆತಕೂರಿನಲ್ಲಿ ಕಲ್ಲು ನಿಲ್ಲಿಸಿದ ನಾಡು ನಮ್ಮದು. ಕೊಡಗಿನಲ್ಲಿ ಹುಲಿ ಕೊಂದವನನ್ನು ಮದುಮಗನಂತೆ ಕೂರಿಸಿ ನರಿಮಂಗಲ ಮಾಡುತ್ತಿದ್ದರು (ಕೊಡವ ಮಾತಿನಲ್ಲಿ ನರಿಯೆಂದರೆ ಹುಲಿ). ಅರಸರೂ ಆಡಿದರು, ಹಾಡಿಗಳ ಬುಡಕಟ್ಟಿನವರೂ ಆಡಿದರು.

1865ರ ಕಾಯ್ದೆ, ಅದಕ್ಕಿಂತ ಹೆಚ್ಚಾಗಿ 1878ರದು, ಈ ಸ್ಥಿತಿಯನ್ನು ಬದಲಿಸಿದವು. ಮರಮುಟ್ಟಿಗಾಗಿ ಕಾಡನ್ನು ಮೀಸಲು ಎಂದು ಗುರುತಿಸಿದ ಕೂಡಲೇ ಅಲ್ಲಿ ದನ ಮೇಯಿಸುವುದು, ಸೌದೆ ತರುವುದು, ಮೊಲಕ್ಕೆ ಉರುಳು ಒಡ್ಡುವುದು ಎಲ್ಲವೂ ಅಪರಾಧವಾಗಬಹುದಾಯಿತು. ದೇಶದ ಹಲವೆಡೆ ಇಂದಿಗೂ ಜಾರಿಯಲ್ಲಿರುವ 1927ರ ಕಾಯ್ದೆಯ 26ನೆಯ ಕಲಮನ್ನು ಲೇಖಕರು ಒಮ್ಮೆ ನೋಡಬೇಕು. ಅದು ಮೀಸಲು ಕಾಡಿನ ಬೇಟೆಯನ್ನು ಸಾರಾಸಗಟಾಗಿ ನಿಷೇಧಿಸುವುದಿಲ್ಲ, ಸರ್ಕಾರದ ನಿಯಮಗಳನ್ನು ಮೀರಿ ಬೇಟೆಯಾಡುವುದನ್ನು, ಬಲೆ ಉರುಳು ಒಡ್ಡುವುದನ್ನು ನಿಷೇಧಿಸುತ್ತದೆ. ನಿಯಮವೆಂದರೆ ಪರವಾನಗಿ, ಮತ್ತು ಪರವಾನಗಿ ಪಡೆಯಲು ಬೇಕಾದ ಹಣವಾಗಲಿ, ಅಧಿಕಾರಿಯ ಪರಿಚಯವಾಗಲಿ ಜೇನುಕುರುಬನಿಗೋ ಸೋಲಿಗನಿಗೋ ಇದ್ದಿರಲು ಸಾಧ್ಯವಿರಲಿಲ್ಲ. ನೀಲಗಿರಿಯಲ್ಲಂತೂ ದೊರೆಗಳು 1877ರಲ್ಲಿ ನೀಲಗಿರಿ ಗೇಮ್ ಅಸೋಸಿಯೇಷನ್ (ಗೇಮ್ ಎಂದರೆ ಬೇಟೆಯ ಪ್ರಾಣಿ) ಎಂಬ ಸಂಘ ಕಟ್ಟಿಕೊಂಡರು. ಬೇಟೆಯ ಪ್ರಾಣಿಗಳನ್ನೂ ಮೀನನ್ನೂ ಕಾಯುವ ಪ್ರತ್ಯೇಕ ಕಾಯ್ದೆ 1879ರಲ್ಲಿ ಬಂತು. ಯಾರಿಗಾಗಿ ಕಾಯುತ್ತಿದ್ದರೆಂಬುದು ಸಂಘದ ಹೆಸರಿನಿಂದಲೇ ತಿಳಿಯುತ್ತದೆ.

ಹುಲಿಯ ಪಾಲಿಗೆ ಈ ಕಾವಲೂ ಇರಲಿಲ್ಲ. ಅದು ಪೀಡೆಯ ಪಟ್ಟಿಯಲ್ಲಿತ್ತು, ಕೊಂದವರಿಗೆ ಇನಾಮು ಸಿಗುತ್ತಿತ್ತು. 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ 80,000ಕ್ಕೂ ಹೆಚ್ಚು ಹುಲಿಗಳು ಸತ್ತವೆಂಬುದು ಇತಿಹಾಸಕಾರ ಮಹೇಶ್ ರಂಗರಾಜನ್ ಅವರ ಲೆಕ್ಕ. ಇನಾಮಿನ ಆಸೆಗೆ ಹಳ್ಳಿಗರೂ ಕೊಂದರೆಂಬುದನ್ನು ಮರೆಮಾಚಬೇಕಿಲ್ಲ. ಆದರೆ ಸಾಹೇಬರಿಗೆ ಹುಲಿಯೆಂದರೆ ಬರಿಯ ಪೀಡೆಯೂ ಆಗಿರಲಿಲ್ಲ. ಶ್ರೀರಂಗಪಟ್ಟಣ ಬಿದ್ದ ನೆನಪಿಗೆ ಕಂಪನಿ ಹೊಡೆಸಿದ ಪದಕದಲ್ಲಿ ಸಿಂಹವೊಂದು ಹುಲಿಯನ್ನು ಕೆಳಕ್ಕೆ ಕೆಡವಿಕೊಂಡು ನಿಂತಿದೆ. ಟಿಪ್ಪುವಿನ ಹುಲಿಯದು. ರೈಲು ಬಂದು, ಬೇಗ ಮದ್ದು ತುಂಬುವ ಕೋವಿ ಬಂದ ಮೇಲೆ ಅದೇ ಚಿತ್ರವನ್ನು ಪ್ರತಿಯೊಬ್ಬ ಅಧಿಕಾರಿಯೂ ತನ್ನ ಬಂಗಲೆಯ ಗೋಡೆಗೆ ತಂದುಕೊಂಡ. ಮೈಸೂರಿನ ವ್ಯಾನ್ ಇಂಗೆನ್ ಅವರ ಕಾರ್ಖಾನೆಯಲ್ಲಿ ಕಾಗದದ ರಟ್ಟಿನ ಅಚ್ಚಿನ ಮೇಲೆ ಚರ್ಮ ಹೊದಿಸಿ, ಗಾಜಿನ ಕಣ್ಣು ಕೂರಿಸಿದ, ಬಾಯ್ತೆರೆದ ಹುಲಿಗಳು ಹೊರದೇಶಗಳಿಗೂ ಹೋದವು.

ನಾನು ಕಂಡ ಅಂಥದೊಂದು ಹುಲಿ ಹಳೆಯ ಬಂಗಲೆಯೊಂದರ ಪಡಸಾಲೆಯಲ್ಲಿತ್ತು. ಮೀಸೆ ಉದುರಿ, ಕಿವಿಯ ಅಂಚನ್ನು ಹುಳು ತಿಂದಿತ್ತು. ಕೆಳಗಿನ ಹಿತ್ತಾಳೆ ತಗಡಿನಲ್ಲಿ ದೊರೆಯ ಹೆಸರು, ತಾರೀಖು, ಮೂಗಿನಿಂದ ಬಾಲದ ತುದಿಯವರೆಗಿನ ಅಳತೆ ಇತ್ತು. ಹಳು ನುಗ್ಗಿ, ತಮಟೆ ಬಡಿದು ಅದನ್ನು ಬೇಟೆಗಾರ ಕಾದು ಕೂರುವ ಮಚಾನಿನ ಕಡೆಗೆ ಸೋವಿದವರ ಸುಳಿವಿರಲಿಲ್ಲ.

ತಮ್ಮ ಲೇಖನ ಒಂದೇ ಪುಟದಲ್ಲಿ ಸಾಹೇಬರನ್ನು 'ಷಿಕಾರಿ' ಎಂದೂ, ಕಾಡಿನಲ್ಲಿ ಸಿಕ್ಕಿಬಿದ್ದ ಹಾಡಿಯವರನ್ನು 'ಕಳ್ಳಬೇಟೆಗಾರರು' ಎಂದೂ ಕರೆದಿದೆ. ಮುಂದಿನ ಕಂತಿನಲ್ಲಾದರೂ ಇಬ್ಬರಿಗೂ ಒಂದೇ ಪದ ಬಳಸಬೇಕೆಂದು ಕೋರುತ್ತೇನೆ.

— ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕ, ಹುಣಸೂರು