ಎರಡು ಬಾಗಿಲು, ಎರಡು ಕಿಟಕಿ

ನೆಬ್ರಾಸ್ಕದ ನಮ್ಮ ಕನ್ನಡ ಕೂಟದ ಪತ್ರಿಕೆಯ ಈ ಸಂಚಿಕೆ ದೀಪಾವಳಿಗೆ ಮೊದಲೇ ನಿಮ್ಮ ಕೈ ಸೇರಬೇಕಿತ್ತು, ತಡವಾಗಿರುವುದಕ್ಕೆ ಕ್ಷಮೆಯಿರಲಿ. ಹಬ್ಬದ ಬಗ್ಗೆಯೇ ಬರೆಯಬೇಕೆಂದಿದ್ದೆ. ಆದರೆ ಕಳೆದ ಭಾನುವಾರ ಕನ್ನಡ ತರಗತಿಯಲ್ಲಿ, ಶಾಲೆಗೆ ತನ್ನ ಮನೆತನದ ಕಥೆ ಬರೆದೊಯ್ಯಬೇಕಾಗಿದ್ದ ಹುಡುಗಿಯೊಬ್ಬಳು, "ಆಂಟಿ, ನನ್ನ ಫ್ರೆಂಡ್ ಮನೆಯವರು ನೆಬ್ರಾಸ್ಕಕ್ಕೆ ಎತ್ತಿನ ಗಾಡಿಯಲ್ಲಿ ಬಂದರಂತೆ, ನಾವು ವಿಮಾನದಲ್ಲಿ ಬಂದ್ವಿ ಅಂತ ಬರೆದರೆ ಸಾಕಾ?" ಎಂದು ಕೇಳಿದ್ದು ತಲೆಯಿಂದ ಹೋಗುತ್ತಿಲ್ಲ.

ಮೂರು ಬೇಸಿಗೆಗಳ ಹಿಂದೆ ನನ್ನ ತಂದೆಯವರು ಇಲ್ಲಿಗೆ ಬಂದಿದ್ದಾಗ ಅವರನ್ನು ಲಿಂಕನ್ ನಗರದಿಂದ ದಕ್ಷಿಣಕ್ಕೆ 40 ಮೈಲಿ ದೂರದ ಬಿಯಾಟ್ರಿಸ್‌ಗೆ ಕರೆದುಕೊಂಡು ಹೋಗಿದ್ದೆ. ಅಧ್ಯಕ್ಷ ಲಿಂಕನ್ 1862ರಲ್ಲಿ ಸಹಿ ಹಾಕಿದ, ಸರ್ಕಾರಿ ಜಮೀನನ್ನು ಸಾಗುವಳಿಗಾರರಿಗೆ ಹಂಚುವ ಹೋಮ್‌ಸ್ಟೆಡ್ ಕಾಯ್ದೆ 1863ರ ಜನವರಿ 1ರಂದು ಜಾರಿಗೆ ಬಂದ ದಿನವೇ ಬ್ರೌನ್‌ವಿಲ್‌ನ ಭೂಕಚೇರಿಯಲ್ಲಿ ಅರ್ಜಿ ಹಾಕಿದ ಡೇನಿಯಲ್ ಫ್ರೀಮನ್ ಎಂಬುವನ 160 ಎಕರೆ ಜಮೀನು ಅಲ್ಲಿದೆ; ಈಗ ಅದು ರಾಷ್ಟ್ರೀಯ ಐತಿಹಾಸಿಕ ಉದ್ಯಾನ. ಐದು ವರ್ಷ ಆ ನೆಲದಲ್ಲೇ ವಾಸವಿದ್ದು ಸಾಗುವಳಿ ಮಾಡಿದವರಿಗೆ ಹಕ್ಕುಪತ್ರ ಸಿಗುತ್ತಿದ್ದುದರಿಂದ, 1868ರ ಜನವರಿಯಲ್ಲಿ ನೆರೆಯವರಿಬ್ಬರು ಅವನ ಪರವಾಗಿ ಸಾಕ್ಷಿ ನುಡಿದು ಬರೆದುಕೊಟ್ಟ ಕಾಗದವೊಂದು ಉಳಿದಿದೆ. ಅದರ ಪ್ರತಿಯನ್ನು ಮುದ್ರಿಸಿಕೊಂಡು ಹೋಗಿದ್ದ ನಾನು, ತಾಲ್ಲೂಕು ಕಚೇರಿಯಲ್ಲೇ ಜೀವ ಸವೆಸಿದ ತಂದೆಯವರಿಗೆ ಆಳೆತ್ತರದ ಹುಲ್ಲಿನ ಪಕ್ಕ ನಿಂತು ಸಾಲುಸಾಲಾಗಿ ಕನ್ನಡದಲ್ಲಿ ಹೇಳಿದೆ: ಅರ್ಧ ಮರದ ದಿಮ್ಮಿಯ, ಅರ್ಧ ಹಲಗೆಯ ಮನೆ, ಅಳತೆ 14ಕ್ಕೆ 20 ಅಡಿ, ಎರಡು ಬಾಗಿಲು, ಎರಡು ಕಿಟಕಿ, ಉತ್ತು ಬೇಲಿ ಹಾಕಿದ್ದು ಸುಮಾರು 35 ಎಕರೆ, ಒಂದು ಕುದುರೆ ಲಾಯ, 100 ಅಡಿ ಉದ್ದದ ಕುರಿದೊಡ್ಡಿ, ಮುಸುಕಿನ ಜೋಳದ ಕಣಜ, 40 ಸೇಬಿನ ಗಿಡ, ಸುಮಾರು 400 ಪೀಚ್ ಗಿಡ. "ಇದು ನಮ್ಮ ಮಹಜರೇ ಅಲ್ಲವೇನೇ!" ಎಂದು ಅವರು ಹಿಗ್ಗಿದರು. ಮನೆಯವರ ಬಗೆಗಿನ ಸಾಲಿಗೆ ಬಂದಾಗ ಹುಬ್ಬು ಗಂಟಿಕ್ಕಿದರು. ಹೆಂಡತಿ ಮತ್ತು ಇಬ್ಬರು ಮಕ್ಕಳು ಎಂದಷ್ಟೇ ಅಲ್ಲಿತ್ತು. "ಹೆಸರು ಎಲ್ಲಿ? ನಮ್ಮ ಶಿರಸ್ತೇದಾರರಾಗಿದ್ದರೆ ಕಡತವನ್ನು ವಾಪಸು ಎಸೆಯುತ್ತಿದ್ದರು."

ಆಕೆಯ ಹೆಸರು ಆಗ್ನೆಸ್. ಅಯೋವದ ಹುಡುಗಿ, ಡೇನಿಯಲ್‌ನ ತಮ್ಮನೊಂದಿಗೆ ಮದುವೆ ಗೊತ್ತಾಗಿದ್ದವಳು. ಅಂತರ್ಯುದ್ಧದ ಕಾಲದಲ್ಲಿ ಆ ತಮ್ಮ ತೀರಿಕೊಂಡ ಮೇಲೆ ಅಣ್ಣನಿಗೂ ಅವಳಿಗೂ ಪತ್ರವ್ಯವಹಾರ ನಡೆದು, 1865ರಲ್ಲಿ ಮದುವೆಯಾಗಿ, ಈ ಹುಲ್ಲುಗಾವಲಿಗೆ ಬಂದಳು. ಗಂಡ 1908ರಲ್ಲಿ ತೀರಿಕೊಂಡ ಬಳಿಕ ಇಪ್ಪತ್ತಕ್ಕೂ ಹೆಚ್ಚು ವರ್ಷ ಬದುಕಿದ್ದ ಆಕೆಯ ಸಮಾಧಿಯೂ ಅದೇ ಜಮೀನಿನಲ್ಲಿದೆ. ಇದರಲ್ಲಿ ಒಂದಕ್ಷರವೂ ಆ ಮಹಜರಿನಲ್ಲಿಲ್ಲ.

ಹಿಂತಿರುಗುವಾಗ ತಂದೆಯವರು, "ಇವರಿಗಿಂತ ಮೊದಲು ಪಹಣಿ ಯಾರ ಹೆಸರಿನಲ್ಲಿತ್ತು?" ಎಂದು ಕೇಳಿದರು. ಕಂದಾಯ ಇಲಾಖೆಯವರನ್ನು ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದರೆ ಹೀಗೆಯೇ! ಪಹಣಿಯೇ ಇಲ್ಲದ ಓಟೊ ಮತ್ತು ಮಿಸೌರಿಯಾ ಎಂಬ ಮೂಲನಿವಾಸಿ ಜನರು 1854ರ ಒಪ್ಪಂದದಲ್ಲಿ ನೆಬ್ರಾಸ್ಕದ ತಮ್ಮ ನೆಲವನ್ನು ಬಿಟ್ಟುಕೊಟ್ಟು ಬಿಗ್ ಬ್ಲೂ ನದಿಯ ದಂಡೆಗೆ ಸರಿದರು. 1881ರಲ್ಲಿ ಅಲ್ಲಿಂದಲೂ ಎದ್ದು ಇಂದಿನ ಓಕ್ಲಹೋಮಾಕ್ಕೆ ಹೋಗಬೇಕಾಯಿತು. ಆ ಹುಡುಗಿಯ ಗೆಳತಿಯ ಗಾಡಿ ಬಂದದ್ದು ಹೀಗೆ ತೆರವಾದ ನೆಲಕ್ಕೆ ಎಂಬುದನ್ನೂ ಮಕ್ಕಳಿಗೆ ಹೇಳಬೇಕಾಗುತ್ತದೆ.

ಈ ಕಡತಗಳ ಬೆಲೆ ಇಲ್ಲಿನ ಹಳೆಯ ಮನೆತನಗಳಿಗೆ ಗೊತ್ತು. 1890ರ ಜನಗಣತಿಯ ಹಾಳೆಗಳು 1921ರಲ್ಲಿ ವಾಷಿಂಗ್ಟನ್ನಿನಲ್ಲಿ ಬಿದ್ದ ಬೆಂಕಿಯಿಂದಾಗಿ ಬಹುಪಾಲು ನಾಶವಾದುದರಿಂದ, 1880ರಿಂದ 1900ರ ನಡುವೆ ಮುತ್ತಜ್ಜ ಎಲ್ಲಿದ್ದ, ಎಷ್ಟು ಕಿಟಕಿಯ ಮನೆ ಕಟ್ಟಿದ, ಯಾವ ದೇಶದಲ್ಲಿ ಹುಟ್ಟಿದವನು ಎಂಬುದನ್ನು ಹುಡುಕುವವರು ರಾಷ್ಟ್ರೀಯ ಪತ್ರಾಗಾರದ ಈ ಭೂಕಡತಗಳಿಗೇ ಕೈಚಾಚುತ್ತಾರೆ. ಗಂಡಸರ ವಿಷಯ ಅದರಲ್ಲಿ ಧಾರಾಳವಾಗಿ ಸಿಗುತ್ತದೆ. ಅವಿವಾಹಿತೆಯರೂ ವಿಧವೆಯರೂ ಸ್ವಂತ ಹೆಸರಿನಲ್ಲೇ ಜಮೀನು ಪಡೆಯಬಹುದಾಗಿದ್ದುದರಿಂದ ಅವರೂ ಸಿಗುತ್ತಾರೆ. ಆಗ್ನೆಸ್‌ಳಂತೆ ಗಂಡನ ಕಡತದೊಳಗೆ ಸೇರಿಹೋದವರನ್ನು ಹುಡುಕಲು ಮಾತ್ರ ಪತ್ರಗಳೇ ಬೇಕು.

ಅಲ್ಲಿಂದ ಬಂದ ವಾರವೇ ನಮ್ಮ ಕೂಟದ ಮೊದಲ ಸದಸ್ಯತ್ವ ಪುಸ್ತಕವನ್ನು ತೆರೆದು ನೋಡಿದೆ. "ಶ್ರೀ ಮತ್ತು ಶ್ರೀಮತಿ, ಮಕ್ಕಳು ಇಬ್ಬರು, ಐದು ಡಾಲರ್, ಪಾವತಿಯಾಗಿದೆ" ಎಂಬ ಧಾಟಿಯಲ್ಲೇ ಪುಟಗಳು ತುಂಬಿವೆ. ಅದರಲ್ಲಿ ಬರಿಯ "ಶ್ರೀಮತಿ" ಆಗಿರುವ ನಮ್ಮೆಲ್ಲರ ಅಜ್ಜಿ, ಡಿಸೆಂಬರಿನಲ್ಲಿ ಮನೆ ಮಾರಿ ಮಗಳ ಜೊತೆ ಇರಲು ಟೆಕ್ಸಸ್‌ಗೆ ಹೊರಟಿದ್ದಾರೆ. ಮೊದಲ ಚಳಿಗಾಲದ ಕಥೆಯನ್ನು ಅವರಿಂದ ಕೇಳಿ ಬರೆದುಕೊಳ್ಳುತ್ತೇನೆಂದು ಎರಡು ವರ್ಷದಿಂದ ಹೇಳುತ್ತಲೇ ಬಂದಿದ್ದೇನೆ.

ಸೂಚನೆಗಳು, ಜಾಗವಿಲ್ಲದ್ದರಿಂದ ಒಟ್ಟಿಗೇ: ರಾಜ್ಯೋತ್ಸವ ನವೆಂಬರ್ ಮೂರನೆಯ ಶನಿವಾರ ಮಧ್ಯಾಹ್ನ 3 ಗಂಟೆಗೆ, ಬಿಸಿಬೇಳೆಬಾತಿಗೆ ದೊಡ್ಡ ಪಾತ್ರೆಯಿರುವವರು ದಯವಿಟ್ಟು ತಿಳಿಸಿ, ಮಕ್ಕಳ ನಾಟಕದ ತಾಲೀಮು ಭಾನುವಾರದ ತರಗತಿಯ ನಂತರ, ಕಳೆದ ಬಾರಿ ಉಳಿದುಹೋದ ಎರಡು ಛತ್ರಿ, ಒಂದು ಪುಟ್ಟ ಬೂಟು ನನ್ನ ಕಾರಿನಲ್ಲಿವೆ, ಸದಸ್ಯತ್ವ ಶುಲ್ಕ ಬಾಕಿಯಿರುವವರಿಗೆ ತಮ್ಮ ಹೆಸರು ಗೊತ್ತೇ ಇದೆ. ಆರು ವರ್ಷಗಳಿಂದ ಈ ಪತ್ರಿಕೆಯ ಬರವಣಿಗೆ, ಕರಡು ತಿದ್ದುವುದು, ಅಂಚೆಚೀಟಿ ಅಂಟಿಸುವುದು ಎಲ್ಲವೂ ಒಬ್ಬಳ ಮೇಲೇ ಬಿದ್ದಿದೆ. ಕನ್ನಡ ಟೈಪಿಂಗ್ ಬಲ್ಲ ಒಬ್ಬರಾದರೂ ಮುಂದೆ ಬಂದರೆ ಉಳಿದುಕೊಳ್ಳುತ್ತೇನೆ.

ಅಜ್ಜಿ ವಾರದ ದಿನಗಳಲ್ಲಿ ಮಧ್ಯಾಹ್ನ ಎರಡರ ನಂತರ ಬಿಡುವಾಗಿರುತ್ತಾರೆ. ಮೊನ್ನೆ ಫೋನಿನಲ್ಲಿ, ಕಾಫಿಗೆ ಫಿಲ್ಟರನ್ನು ಇನ್ನೂ ಪೆಟ್ಟಿಗೆಗೆ ಕಟ್ಟಿಲ್ಲವೆಂದೂ, ಬರುವವರು ತನ್ನ ಹೆಸರನ್ನು ತವರಿನ ಹೆಸರಿನ ಸಮೇತ ಸರಿಯಾಗಿ ಬರೆದುಕೊಳ್ಳಬೇಕೆಂದೂ ಹೇಳಿದ್ದಾರೆ.