ಮಾಡಿನ ಕೆಳಗೆ ನಾವೇ ಇರುತ್ತೇವೋ ಎಂದು ಕೇಳಿದ್ದೆಯಲ್ಲ

ಸಾಗರ
ಮೇ ತಿಂಗಳ ಕೊನೆಯ ವಾರ

ಚಿ. ಸೌ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಬಂದು ನಾಲ್ಕು ದಿನಗಳಾದವು. ಮನೆಯ ಛಾವಣಿ ಬದಲಿಸಲು ಮೂವರು ಕಂಟ್ರಾಕ್ಟರುಗಳು ಕೊಟ್ಟ ಅಂದಾಜು, ವಿಮಾ ಕಂಪನಿಯ ನೋಟಿಸು, ಫೆಬ್ರವರಿಯ ಮಳೆಯಲ್ಲಿ ಮಗುವಿನ ಕೋಣೆಯ ಸೀಲಿಂಗಿನಲ್ಲಿ ಮೂಡಿದ ಕಂದು ಕಲೆ, ಎಲ್ಲವನ್ನೂ ಕ್ರಮವಾಗಿ ಬರೆದಿದ್ದೀಯೆ. ಅವನ್ನು ಓದುವಾಗ ನನಗೆ ಗಾಬರಿಯಾಗಲಿಲ್ಲ. ಆದರೆ ಕೊನೆಯಲ್ಲಿ, ಸಹಿಗೆ ಮುನ್ನ, "ಇಷ್ಟು ಹಣ ಸುರಿದು ಹೊಸ ಮಾಡು ಹಾಕಿಸಿದ ಮೇಲೆ ಅದರ ಕೆಳಗೆ ನಾವೇ ಇರುತ್ತೇವೋ ಇಲ್ಲವೋ, ದೊಡ್ಡಪ್ಪ" ಎಂದು ಒಂದು ಸಾಲು ಸೇರಿಸಿದ್ದೀಯಲ್ಲ, ಆ ಸಾಲು ನನ್ನನ್ನು ನಾಲ್ಕು ದಿನಗಳಿಂದ ಬಿಟ್ಟಿಲ್ಲ. ಫೋನಿನಲ್ಲಿ ಮಾತಾಡೋಣವೆಂದುಕೊಂಡೆ, ಆದರೆ ಫೋನಿನಲ್ಲಿ ನಾನು ಧೈರ್ಯದ ಮಾತು ಹೇಳಿ ಮುಗಿಸಿಬಿಡುತ್ತೇನೆ, ಹೇಳಬೇಕಾದದ್ದು ಉಳಿದುಹೋಗುತ್ತದೆ.

ಅಳಿಯಂದಿರ ಕಂಪನಿಯಲ್ಲಿ ಎರಡು ಸಲ ಜನರನ್ನು ತೆಗೆದಿದ್ದಾರೆಂದೂ ಕೆಲಸ ಹೋದರೆ ಅಮೆರಿಕದ ವೀಸಾ ಪ್ರಕಾರ ಬೇರೆ ಕೆಲಸ ಹುಡುಕಲು ಇಲ್ಲವೇ ದೇಶ ಬಿಡಲು 60 ದಿನಗಳಷ್ಟೇ ಇರುತ್ತವೆಂದೂ ಬರೆದಿದ್ದೀಯೆ. ಈ ಹೆದರಿಕೆ ಸುಳ್ಳೆಂದು ನಾನು ಹೇಳಲಾರೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿದ್ದಾಗ ನನಗೂ ಇದೇ ಹೆದರಿಕೆ ಬಂದಿತ್ತು, ಅದೂ ಮಾಡಿನ ವಿಷಯವಾಗಿಯೇ ಬಂದಿತ್ತು. ಅದನ್ನು ನಾನು ಸರಿಯಾಗಿ ಎದುರಿಸಲಿಲ್ಲ. ನಿನ್ನ ಅಪ್ಪನಿಗೂ ಇದರ ಪೂರ್ತಿ ಸಂಗತಿ ಗೊತ್ತಿಲ್ಲ.

ನಾವು ಆ ಮನೆ ಕೊಂಡಾಗ ಅದಕ್ಕೆ ಸೀಡರ್ ಮರದ ಹಲಗೆ ಹೊದಿಕೆಯಿತ್ತು. 1991ರ ಅಕ್ಟೋಬರಿನಲ್ಲಿ ಓಕ್‌ಲ್ಯಾಂಡ್ ಗುಡ್ಡಗಳಿಗೆ ಬೆಂಕಿ ಬಿದ್ದು 25 ಜನ ಸತ್ತು, ಸುಮಾರು ಮೂರು ಸಾವಿರ ಮನೆಗಳು ಬೂದಿಯಾದವು; ಉರಿಯುವ ಮರದ ಹೊದಿಕೆಯ ತುಂಡುಗಳು ಗಾಳಿಯಲ್ಲಿ ಹಾರಿ ಮನೆಯಿಂದ ಮನೆಗೆ ಬೆಂಕಿ ಹೊತ್ತವು. ಆಮೇಲೆ ಅಂಥ ಮಾಡೆಂದರೆ ಎಲ್ಲರಿಗೂ ಭಯ. 2000ದ ಶರತ್ಕಾಲದಲ್ಲಿ ಅದನ್ನು ತೆಗೆಸಿ ಡಾಂಬರಿನ ತೆಳು ಬಿಲ್ಲೆಗಳಾದ ಶಿಂಗಲ್ ಹಾಕಿಸಲು ಹೊರಟೆ. 11,000 ಡಾಲರಿನ ಒಪ್ಪಂದವಾಯಿತು. ಹಳೆಯದನ್ನು ಕಿತ್ತ ದಿನ ನೋಡಿದರೆ ಅದರಡಿಯಲ್ಲಿ ಪ್ಲೈವುಡ್ಡೇ ಇರಲಿಲ್ಲ. ನಮ್ಮ ಹೆಂಚಿನ ಮಾಡಿಗೆ ರೀಪು ಹೊಡೆಯುವಂತೆ ಅಂತರ ಬಿಟ್ಟು ಪಟ್ಟಿಗಳನ್ನು ಹೊಡೆದಿದ್ದರು. ಶಿಂಗಲ್ಲಿಗೆ ಅದು ನಡೆಯದು, ಪೂರ್ತಿ ಹಲಗೆ ಬೇಕು. ಆಕಾಶಕ್ಕೆ ತೆರೆದ ಮನೆಯಲ್ಲಿ ನಿಂತು ಯಾರು ತಾನೇ ಚೌಕಾಸಿ ಮಾಡಿಯಾರು? ಲೆಕ್ಕ 15,600ಕ್ಕೆ ಹೋಯಿತು. ರೀಪಿನ ಕೆಳಗೆ ಆಡಿ ಬೆಳೆದ ನಾನು, ಹೊದಿಕೆಯ ಕೆಳಗೇನಿದೆ ಎಂದು ಮೊದಲೇ ಅಟ್ಟ ಹತ್ತಿ ನೋಡಬೇಕಿತ್ತು.

ಇದನ್ನು ನಿನಗೆ ಒಂದು ಕಾರಣಕ್ಕೆ ಬರೆದೆ. ನಿನಗೆ ಬಂದ 24,000, 31,000, 43,500 ಡಾಲರ್ ಎಂಬ ಮೂರು ಅಂದಾಜುಗಳಲ್ಲಿ ಕೊಳೆತ ಹಲಗೆ ಬದಲಿಸಿದರೆ ಪ್ಲೈವುಡ್ ಹಾಳೆಯೊಂದಕ್ಕೆ ಎಷ್ಟೆಂದು ಯಾರು ಬರೆದುಕೊಟ್ಟಿದ್ದಾರೆ? ಅದನ್ನು ಬರೆಯದ 24,000 ಕಡಿಮೆಯ ಅಂದಾಜೋ ಅಲ್ಲವೋ ಕಿತ್ತ ದಿನವೇ ಗೊತ್ತಾಗುವುದು. ನಿನ್ನದು 21 ಸ್ಕ್ವೇರಿನ ಮಾಡು, ಎಂದರೆ 2,100 ಚದರ ಅಡಿ. ಮೂವರೂ ಅಷ್ಟನ್ನೇ ಅಳೆದಿದ್ದಾರೆಯೇ ನೋಡು. ಇದೆಲ್ಲ ನಿನಗೆ ಗೊತ್ತಿರಲೂಬಹುದು. ಗೊತ್ತಿದ್ದರೆ ಬಿಟ್ಟುಬಿಡು.

ನನ್ನ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಕೈಯಲ್ಲಿದ್ದ ಉಳಿತಾಯವನ್ನೆಲ್ಲ ಕೊಟ್ಟು, ಕಡಿಮೆ ಬಿದ್ದ ಹಣವನ್ನು 401-ಕೆ ಎಂಬ ನಿವೃತ್ತಿ ಉಳಿತಾಯದ ಖಾತೆಯ ಮೇಲೆ ಸಾಲವಾಗಿ ತೆಗೆದೆ. ನನ್ನ ಹಣವನ್ನು ನನಗೇ ಸಾಲ ಕೊಟ್ಟುಕೊಳ್ಳುವುದರಲ್ಲಿ ಅಪಾಯವೇನು ಎಂಬ ಲೆಕ್ಕ. 2001ರ ಏಪ್ರಿಲಿನಲ್ಲಿ ಡಾಟ್ ಕಾಮ್ ಕುಸಿತದಲ್ಲಿ ನನ್ನ ಕೆಲಸ ಹೋಯಿತು. ಕೆಲಸ ಬಿಟ್ಟೊಡನೆ ಆ ಸಾಲವನ್ನು ತೀರಿಸಬೇಕಿತ್ತು, ತೀರಿಸಲಾಗಲಿಲ್ಲ. ಅದನ್ನು ಆದಾಯವೆಂದು ಎಣಿಸಿ ತೆರಿಗೆ ಹಾಕಿ, ಮೇಲೆ ಕೇಂದ್ರಕ್ಕೆ ಶೇ. 10, ಕ್ಯಾಲಿಫೋರ್ನಿಯಾಕ್ಕೆ ಶೇ. 2.5 ದಂಡ ಹಾಕಿದರು. ಈಗ ತೆರಿಗೆ ಲೆಕ್ಕ ಸಲ್ಲಿಸುವ ಗಡುವಿನ ತನಕ ಕಾಲ ಕೊಡುತ್ತಾರೆ. ಆದರೂ ಕೆಲಸ ಹೋದೀತೆಂದು ಹೆದರುವವರು ಕೆಲಸ ಹೋದೊಡನೆ ಕುತ್ತಿಗೆಗೆ ಬರುವ ಸಾಲವನ್ನೇ ಆರಿಸಿಕೊಳ್ಳಬಾರದು. 31,000 ಪೂರ್ತಿ ಅಲ್ಲಿಂದಲೇ ತೆಗೆಯುವುದೂ ಒಂದು ದಾರಿಯೆಂದು ನೀನು ಬರೆದದ್ದನ್ನು ಓದಿ ನನ್ನ ಕೈ ತಣ್ಣಗಾಯಿತು.

ಇನ್ನು ಯಾರಿಗೂ ಹೇಳದ ಮಾತು. ಅದೇ ಜೂನಿನಲ್ಲಿ ನಿನ್ನ ಅಪ್ಪನ ಕಾಗದ ಬಂತು. ಈ ಮನೆಯ ನಡುಮನೆಯ ಮೇಲಿನ ಪಕಾಸಿಗಳಿಗೆ ಗೆದ್ದಲು ಹಿಡಿದಿದೆ, ಹೆಂಚು ಕೈಯಾಡಿಸಿದರೆ ಸಾಲದು, ಮರ ಬದಲಿಸಬೇಕು, 60,000 ರೂಪಾಯಿ ಬೇಕಾದೀತು ಎಂದು ಸಂಕೋಚದಿಂದ ಬರೆದಿದ್ದ. ನನ್ನ ಬ್ಯಾಂಕಿನಲ್ಲಿ ಆಗ ಉಳಿದಿದ್ದದ್ದು 4,000 ಡಾಲರ್. ಆಗಿನ ಲೆಕ್ಕದಲ್ಲಿ ಅದರಲ್ಲಿ ಮೂರನೆಯ ಒಂದು ಪಾಲು ಸಾಕಾಗುತ್ತಿತ್ತು. ಬರುವ ವರ್ಷ ನೋಡೋಣ ಎಂದು ಉತ್ತರ ಬರೆದೆ. ಆ ಮಳೆಗಾಲವಿಡೀ ಅಮ್ಮ ಮಂಚವನ್ನು ಜಗಲಿಯ ಮೂಲೆಗೆ ಎಳೆಸಿಕೊಂಡು ಮಲಗಿದರು. ನಡುಮನೆಯಲ್ಲಿ ಹನಿ ಬೀಳುವ ಕಡೆಯಲ್ಲೆಲ್ಲ ಪಾತ್ರೆ ಇಟ್ಟಿದ್ದರಂತೆ. ಮುಂದಿನ ಮಳೆಗಾಲಕ್ಕೆ ಅವರಿರಲಿಲ್ಲ. ನಿನ್ನ ಅಪ್ಪ ಇಂದಿನವರೆಗೂ ಆ ಕಾಗದದ ಮಾತೆತ್ತಿಲ್ಲ.

ನನಗೆ ಕೊಡಲು ಹಣವಿರಲಿಲ್ಲವೆಂದಲ್ಲ, ಪುಟ್ಟಿ. ತಳ ಕಂಡ ಪಾತ್ರೆಯನ್ನು ನೋಡುತ್ತ ಕೂತವನಿಗೆ ಉಳಿದ ಗುಟುಕನ್ನು ಯಾರಿಗೂ ಕೊಡಲು ಮನಸ್ಸಾಗುವುದಿಲ್ಲ, ತಾಯಿಗೂ ಸಹ. ಡಿಸೆಂಬರಿನಲ್ಲಿ ನನಗೆ ಬೇರೆ ಕೆಲಸ ಸಿಕ್ಕಿತು. ಫ್ರೀಮಾಂಟಿನ ಆ ಮಾಡಿನ ಕೆಳಗೆ ಆಮೇಲೆ ಹನ್ನೊಂದು ವರ್ಷ ಬಾಳಿದೆ. ನಿನ್ನ ಪ್ರಶ್ನೆಗೆ ನನ್ನ ಬಾಳಿನಲ್ಲಿ ಸಿಕ್ಕ ಉತ್ತರ ಅಷ್ಟೇ: ಮಾಡಿನ ಕೆಳಗೆ ನಾವೇ ಇದ್ದೆವು. ಆದರೆ ಎಂಟು ತಿಂಗಳು ಕೈ ಬರಿದು ಮಾಡಿಕೊಂಡು ಹೆದರಿ ಕೂತಾಗ ನಾನು ನಾನಾಗಿರಲಿಲ್ಲ.

ಆದ್ದರಿಂದ ನಿನ್ನ ಲೆಕ್ಕವನ್ನು ಇನ್ನೊಮ್ಮೆ ನೋಡಿದೆ. ನಿಮ್ಮಲ್ಲಿರುವುದು 52,000, ಕಂತು, ಆಸ್ತಿ ತೆರಿಗೆ, ವಿಮೆ, ಊಟ ಎಲ್ಲ ಸೇರಿ ತಿಂಗಳಿಗೆ 6,800. ನಡುವಿನ ಅಂದಾಜನ್ನು ಪೂರ್ತಿ ಕೈಯಿಂದ ಕೊಟ್ಟರೆ 21,000 ಉಳಿಯುತ್ತದೆ, ಮೂರು ತಿಂಗಳ ಖರ್ಚು. 12,000 ಮಾತ್ರ ಕೈಯಿಂದ ಕೊಟ್ಟು ಉಳಿದ 19,000ಕ್ಕೆ ಮನೆಯನ್ನು ಅಡವಿಟ್ಟು ಕ್ರೆಡಿಟ್ ಲೈನ್ ಎಂಬ ಸಾಲ ತೆಗೆದರೆ 40,000 ನಿಮ್ಮಲ್ಲೇ ಇರುತ್ತದೆ, ಹತ್ತಿರ ಹತ್ತಿರ ಆರು ತಿಂಗಳು. ಬಡ್ಡಿ ಕೊಡಬೇಕಾಗುತ್ತದೆ, ಅದು ಮನೆಯ ಮೇಲಿನ ಋಣ ಎಂಬುದೂ ನಿಜ. ಸಾಲ ಮಾಡೆಂದು ಹೇಳಲು ನನಗೆ ಹಿಂಜರಿಕೆಯಿದೆ. ಆದರೆ ಅದನ್ನು ಕೇಳುವುದಿದ್ದರೆ ಅಳಿಯಂದಿರ ಸಂಬಳ ಬರುತ್ತಿರುವಾಗಲೇ ಕೇಳಬೇಕು. ಕೆಲಸ ಹೋದವನಿಗೆ ಬ್ಯಾಂಕು ಬಾಗಿಲು ತೆರೆಯುವುದು ಕಷ್ಟ.

ಒಂದು ವೇಳೆ ನೀನು ಹೆದರಿದ ಹಾಗೆಯೇ ಆಗಿ ಮನೆ ಮಾರಬೇಕಾದರೂ ಆ ಹಣವೆಲ್ಲ ನೀರಿಗೆ ಹೋದಂತಲ್ಲ. ಹಳೆಯ ಮಾಡಿದ್ದರೆ ಕೊಳ್ಳುವವರು ಅದನ್ನು ತೋರಿಸಿ ಬೆಲೆ ಇಳಿಸುತ್ತಾರೆ. ಪೂರ್ತಿ ಹಣ ಹಿಂದಿರುಗಲಿಕ್ಕಿಲ್ಲ. ಒಂದು ಪಾಲು ಬಂದೇ ಬರುತ್ತದೆ. ಹೀಗೆಯೂ ಯೋಚಿಸು: ಇಲ್ಲಿ ಪ್ರತಿ ಮಳೆಗಾಲಕ್ಕೆ ಮುಂಚೆ ಮಾಡಿಗೆ ಸ್ವಲ್ಪ ಸ್ವಲ್ಪ ಕೊಡುತ್ತೇವೆ, ಅಲ್ಲಿ 25 ವರ್ಷ ಮರೆತಿದ್ದು ಒಂದೇ ದಿನ ಕೊಡುತ್ತಾರೆ. 31,000ವನ್ನು ಆ 300 ತಿಂಗಳುಗಳಿಗೆ ಹಂಚಿದರೆ ತಿಂಗಳಿಗೆ 103 ಡಾಲರ್. ನಿಮಗಿಂತ ಮೊದಲು ಆ ಮನೆಯಲ್ಲಿ ಬಾಳಿದವರು ಎತ್ತಿಡದ ಹಣ ಈಗ ನಿನ್ನ ತಲೆಗೆ ಬಂದಿದೆ. ಅದು ನಿನ್ನ ತಪ್ಪಲ್ಲ.

43,500 ಹೇಳಿದವನು ಅರ್ಧ ಹಣ ಮುಂಗಡ ಕೇಳಿದನೆಂದೂ ಆಸ್ತಿ ತೆರಿಗೆಯ ಬಿಲ್ಲಿನಲ್ಲಿ ತೀರಿಸುವ ಸಾಲ ತಾನೇ ಕೊಡಿಸುತ್ತೇನೆಂದನೆಂದೂ ಬರೆದಿದ್ದೀಯೆ. ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಮುಂಗಡ ಒಪ್ಪಂದದ ಶೇ. 10 ಅಥವಾ 1,000 ಡಾಲರ್, ಯಾವುದು ಕಡಿಮೆಯೋ ಅಷ್ಟೇ. ಅದು ಗೊತ್ತಿದ್ದೂ ಅರ್ಧ ಕೇಳುವವನನ್ನು ಮಾಡು ಹತ್ತಿಸಬೇಡ. ಆ ಸಾಲವಂತೂ ಗೃಹಸಾಲಕ್ಕಿಂತ ಮೊದಲು ತೀರಬೇಕಾದ ಋಣವಾಗಿ ಮನೆಯ ಮೇಲೆ ಕೂರುತ್ತದೆ, ಮಾರುವಾಗ ಕಾಡುತ್ತದೆ. ಉಳಿದ ಇಬ್ಬರ ಸಿ-39 ಎಂಬ ಮಾಡಿನ ಕೆಲಸದ ಲೈಸೆನ್ಸನ್ನೂ ಕೆಲಸಗಾರರ ವಿಮೆಯನ್ನೂ ರಾಜ್ಯದ ಕಂಟ್ರಾಕ್ಟರ್ ಮಂಡಳಿಯ ದಾಖಲೆಯಲ್ಲಿ ಅಳಿಯಂದಿರು ಒಮ್ಮೆ ನೋಡಲಿ.

ವಿಮೆಯವರು ಆಕಾಶದಿಂದ ತೆಗೆದ ಚಿತ್ರ ತೋರಿಸಿ ಸೆಪ್ಟೆಂಬರಿಗೆ ಪಾಲಿಸಿ ನಿಲ್ಲಿಸುತ್ತೇವೆಂದದ್ದು ನಿನ್ನನ್ನು ಅವಸರಕ್ಕೆ ನೂಕಿದೆ. ಸಹಿಯಾದ ಒಪ್ಪಂದವನ್ನೂ ಕೆಲಸದ ದಿನಾಂಕವನ್ನೂ ಕಳಿಸಿದರೆ ಮುಂದುವರಿಸುವಿರಾ ಎಂದು ಬರವಣಿಗೆಯಲ್ಲಿ ಕೇಳು. ಅಲ್ಲಿ ಮಳೆ ಶುರುವಾಗಲು ಅಕ್ಟೋಬರಾದರೂ ಆಗಬೇಕು. ನಿನಗೆ ಒಂದಿಡೀ ಒಣ ಬೇಸಿಗೆಯಿದೆ, ನಮಗಿಲ್ಲಿ ಇನ್ನು ಹತ್ತು ದಿನಗಳೂ ಇಲ್ಲ.

ಕಡೆಯದಾಗಿ ಒಂದು ಮಾತು, ಇದಕ್ಕೆ ಬೇಡವೆನ್ನಬಾರದು. ಅಲ್ಲಿಯ ನನ್ನ ಖಾತೆಯಲ್ಲಿ 8,000 ಡಾಲರ್ ಬಿದ್ದಿದೆ. ಅದನ್ನು ನಿನ್ನ ಖಾತೆಗೆ ಕಳಿಸುತ್ತೇನೆ. ಮಾಡಿಗೆ ಅದರಲ್ಲಿ ಒಂದು ಡಾಲರನ್ನೂ ಹಾಕಬೇಡ. 40,000ದ ಪಕ್ಕದಲ್ಲಿ ಇಟ್ಟುಕೊ. ಹಂಗೆನಿಸಿದರೆ ಸಾಲವೆಂದು ಬರೆದುಕೊ, ಅವಸರವಿಲ್ಲದೆ ಕೊಡು. 2001ರ ಜೂನಿನಲ್ಲಿ ಈ ವಿಳಾಸಕ್ಕೆ ಬರಬೇಕಾಗಿದ್ದ ಹಣ ಇದು, ಆಗ ಕಳಿಸಲಿಲ್ಲ.

ನಾಳೆ ಬೆಳಿಗ್ಗೆ ಹೆಂಚು ಕೈಯಾಡಿಸಲು ಇಬ್ಬರು ಬರುತ್ತಾರೆ. ನಿನ್ನ ಅಪ್ಪ ಈಗಲೇ ಏಣಿ ತಂದು ಗೋಡೆಗೆ ಒರಗಿಸಿದ್ದಾನೆ. ನಡುಮನೆಯ ಮೇಲಿನ ಸಾಲನ್ನು ಮೊದಲು ನೋಡಿಸುತ್ತೇನೆ. ಸಹಿ ಹಾಕುವ ಮುನ್ನ ಒಪ್ಪಂದದ ಪ್ರತಿಯನ್ನು ನನಗೆ ಕಳಿಸು.

ಅಳಿಯಂದಿರಿಗೂ ಮಗುವಿಗೂ ಆಶೀರ್ವಾದಗಳು.

ನಿನ್ನ
ದೊಡ್ಡಪ್ಪ