ಮೊದಲು ವಿಂಡೋಸ್ ಅಪ್‌ಡೇಟ್, ಆಮೇಲೆ ಇನ್‌ಸ್ಟಾಲ್: ಹೊಸ ಆವೃತ್ತಿ ಹಾಕಿಕೊಳ್ಳುವ ಮುಂಚೆ ಓದಿ

ನಮಸ್ಕಾರ,

ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರಿನ ಹೊಸ ಆವೃತ್ತಿ ಸಿದ್ಧವಾಗಿದೆ. ಈ ಸಲ ಇನ್‌ಸ್ಟಾಲರ್ ನಡೆದುಕೊಳ್ಳುವ ರೀತಿ ಸ್ವಲ್ಪ ಬೇರೆ. ಸೆಟಪ್ ಫೈಲ್ ತೆರೆದ ಕೂಡಲೇ ಅದು ಮೊದಲು ನಿಮ್ಮ ವಿಂಡೋಸ್ ಅನ್ನು ಪರೀಕ್ಷೆ ಮಾಡುತ್ತದೆ. ಬೇಕಾದ ಅಪ್‌ಡೇಟ್‌ಗಳು ಇವೆಯಾ, ಹಿಂದೆ ಹಾಕಿದ್ದು ಯಾವುದಾದರೂ ರೀಸ್ಟಾರ್ಟ್‌ಗೆ ಕಾಯುತ್ತಾ ಇದೆಯಾ ಅಂತ ನೋಡುತ್ತದೆ. ಏನಾದರೂ ಕಡಿಮೆ ಇದ್ದರೆ ಅದರ ಹೆಸರು ಹೇಳಿ ಅಲ್ಲೇ ನಿಲ್ಲುತ್ತದೆ. ನಿಮ್ಮ ಹಳೆಯ ಆವೃತ್ತಿಯನ್ನು, ಬಿಲ್ಲುಗಳನ್ನು ಮುಟ್ಟುವುದೇ ಇಲ್ಲ, ಹಾಗಾಗಿ ಆ ದಿನದ ಕೆಲಸ ನಿಲ್ಲುವುದಿಲ್ಲ.

ಇದುವರೆಗೆ ಆಗುತ್ತಿದ್ದದ್ದು ನಿಮಗೇ ಗೊತ್ತು. ಹಸಿರು ಪಟ್ಟಿ ಮುಕ್ಕಾಲು ತುಂಬಿ ಅಲ್ಲೇ ಕೂರುತ್ತಿತ್ತು, ಆಮೇಲೆ ಸರ್ರನೆ ಹಿಂದಕ್ಕೆ ಹೋಗಿ ‘ಇನ್‌ಸ್ಟಾಲ್ ಆಗಲಿಲ್ಲ’ ಅಂತ ಒಂದು ಸಾಲು, ಜೊತೆಗೆ ಯಾರಿಗೂ ಅರ್ಥವಾಗದ ಒಂದು ನಂಬರ್. ಆಗ ಜನ ಮಾಡುವುದು ಏನು? ಮತ್ತೆ ಡೌನ್‌ಲೋಡ್, ಮತ್ತೆ ಇನ್‌ಸ್ಟಾಲ್. ಆಂಟಿವೈರಸ್ ಆಫ್ ಮಾಡಿ ಇನ್ನೊಂದು ಸಲ. ಅಷ್ಟೆಲ್ಲಾ ಮಾಡಿದರೂ ಫಲ ಅದೇ, ಯಾಕೆಂದರೆ ಕೊರತೆ ಇರುವುದು ಸೆಟಪ್ ಫೈಲಿನಲ್ಲಿ ಅಲ್ಲ, ಅದರ ಕೆಳಗಿರುವ ವಿಂಡೋಸಿನಲ್ಲಿ.

ಯಾವ ಸಾಫ್ಟ್‌ವೇರೂ ಎಲ್ಲವನ್ನೂ ತನ್ನ ಜೊತೆ ಹೊತ್ತು ತರುವುದಿಲ್ಲ. ಎಷ್ಟೋ ಕೆಲಸಕ್ಕೆ ವಿಂಡೋಸಿನಲ್ಲೇ ಇರುವ ಫೈಲುಗಳನ್ನು ಬಳಸುತ್ತದೆ. ಜಾಸ್ತಿ ಕಾಡುವ ಒಂದನ್ನೇ ತೆಗೆದುಕೊಳ್ಳಿ: ‘ಎಪಿಐ-ಎಂಎಸ್-ವಿನ್-ಸಿಆರ್‌ಟಿ’ ಅಂತ ಶುರುವಾಗುವ ಉದ್ದನೆಯ ಹೆಸರಿನ ಡಿಎಲ್‌ಎಲ್ ಫೈಲ್ (ಹಲವು ಸಾಫ್ಟ್‌ವೇರುಗಳು ಹಂಚಿಕೊಂಡು ಬಳಸುವ ಫೈಲ್) ಇಲ್ಲ ಅನ್ನುವ ದೂರು. ಇದು ಯೂನಿವರ್ಸಲ್ ಸಿ ರನ್‌ಟೈಮ್ ಅನ್ನುವ ಭಾಗಕ್ಕೆ ಸೇರಿದ್ದು. 2015ರಲ್ಲಿ ಬಂದ ವಿಂಡೋಸ್ 10ರಲ್ಲಿ ಅದು ಮೊದಲಿಂದಲೇ ಇದೆ. ವಿಂಡೋಸ್ 7 ಮತ್ತು 8.1ಕ್ಕೆ ಅದು ಅಪ್‌ಡೇಟ್ ಆಗಿ ಬರಬೇಕು, ಆ ಅಪ್‌ಡೇಟಿನ ಸಂಖ್ಯೆ ಕೆಬಿ2999226. ಆದರೆ 8.1ರಲ್ಲಿ ಇದನ್ನು ನೇರವಾಗಿ ಹಾಕಲು ಹೋದರೆ ‘ನಿಮ್ಮ ಕಂಪ್ಯೂಟರಿಗೆ ಇದು ಅನ್ವಯಿಸುವುದಿಲ್ಲ’ ಅನ್ನುತ್ತದೆ. ಅನ್ವಯಿಸುತ್ತದೆ, ಆದರೆ ಅದಕ್ಕೂ ಮುಂಚೆ 2014ರ ಕೆಬಿ2919355 ಇರಬೇಕು, ಅದಕ್ಕೂ ಮುಂಚೆ ಕೆಬಿ2919442 ಇರಬೇಕು. ಈ ಸರಣಿಯಲ್ಲಿ ಒಂದು ತಪ್ಪಿದರೂ ಮುಂದಿನದು ಕೂರುವುದಿಲ್ಲ. ಈ ಸಂದೇಶ ನೋಡಿಯೇ ಎಷ್ಟೋ ಜನ ಸರಿಯಾದ ದಾರಿ ಬಿಟ್ಟು ವಾಪಸ್ ಬಂದುಬಿಡುತ್ತಾರೆ. ಹೊಸ ಇನ್‌ಸ್ಟಾಲರ್ ಇವನ್ನು ಹಾಕಬೇಕಾದ ಕ್ರಮದಲ್ಲೇ ತೋರಿಸುತ್ತದೆ.

ವಿಂಡೋಸ್ 7 ಇರುವವರಿಗೆ ಇನ್ನೊಂದು ತೊಡಕು ಇದೆ. ಈಗಿನ ಸೆಟಪ್ ಫೈಲುಗಳ ಡಿಜಿಟಲ್ ಸಹಿ (ಫೈಲ್ ಯಾರದ್ದು, ಯಾರೂ ತಿದ್ದಿಲ್ಲವಾ ಅಂತ ತಿಳಿಸುವ ಗುರುತು) ಶಾ-2 ವಿಧಾನದ್ದು. 2019ರಲ್ಲಿ ಬಂದ ಕೆಬಿ4490628 ಮತ್ತು ಕೆಬಿ4474419 ಇಲ್ಲದ ವಿಂಡೋಸ್ 7ಕ್ಕೆ ಆ ಸಹಿಯನ್ನು ಸರಿಯಾಗಿ ಗುರುತಿಸಲು ಬರದೇ ಇರಬಹುದು, ಹೊಸ ಅಪ್‌ಡೇಟ್‌ಗಳೂ ಇಳಿಯುವುದಿಲ್ಲ. ಸರ್ವಿಸ್ ಪ್ಯಾಕ್ 1 (ವಿಂಡೋಸ್ 7ರ ದೊಡ್ಡ ಅಪ್‌ಡೇಟ್ ಕಟ್ಟು) ಅಂತೂ ಇರಲೇಬೇಕು.

ವಿಂಡೋಸ್ 10 ಇದೆ, ನಮಗೇನೂ ತೊಂದರೆ ಇಲ್ಲ ಅಂತ ಅಂದುಕೊಳ್ಳಬೇಡಿ. ಅದರಲ್ಲೂ ಹಳೆಯದು ಹೊಸದು ಅಂತ ಇದೆ. ನಮ್ಮ ಸಾಫ್ಟ್‌ವೇರಿಗೆ ಡಾಟ್‌ನೆಟ್ ಫ್ರೇಮ್‌ವರ್ಕ್ 4.8 ಅನ್ನುವ ಮೈಕ್ರೋಸಾಫ್ಟಿನ ಭಾಗ ಬೇಕು, ಅದು ವರ್ಷನ್ 1607ಕ್ಕಿಂತ ಹಳೆಯ ವಿಂಡೋಸ್ 10ರ ಮೇಲೆ ಕೂರುವುದಿಲ್ಲ. ನಿಮ್ಮದು ಯಾವುದು ಅಂತ ನೋಡುವುದು ಸುಲಭ: ವಿಂಡೋಸ್ ಕೀ ಒತ್ತಿ ಹಿಡಿದು ‘ಆರ್’ ಒತ್ತಿ, ಬರುವ ಡಬ್ಬಿಯಲ್ಲಿ ‘ವಿನ್‌ವರ್’ (winver) ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ವರ್ಷನ್ ಮತ್ತು ಬಿಲ್ಡ್ ಸಂಖ್ಯೆ ಅಲ್ಲೇ ಕಾಣುತ್ತದೆ.

ಇನ್‌ಸ್ಟಾಲರ್ ನಿಂತರೆ ಗಾಬರಿ ಬೇಡ. ಸೆಟ್ಟಿಂಗ್ಸ್‌ನಲ್ಲಿ (ವಿಂಡೋಸ್ 7ರಲ್ಲಾದರೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ) ವಿಂಡೋಸ್ ಅಪ್‌ಡೇಟ್ ತೆರೆದು, ಬಾಕಿ ಇರುವುದನ್ನೆಲ್ಲಾ ಹಾಕಿ, ರೀಸ್ಟಾರ್ಟ್ ಮಾಡಿ, ಮತ್ತೆ ಒಮ್ಮೆ ಅಪ್‌ಡೇಟ್ ಇದೆಯಾ ಅಂತ ನೋಡಿ, ಯಾಕೆಂದರೆ ಕೆಲವು ಅಪ್‌ಡೇಟ್‌ಗಳು ಮೊದಲಿನದು ಕೂತ ಮೇಲೇ ಕಾಣಿಸಿಕೊಳ್ಳುತ್ತವೆ. ರೀಸ್ಟಾರ್ಟ್ ಅಂದರೆ ರೀಸ್ಟಾರ್ಟೇ ಮಾಡಿ. ಶಟ್‌ಡೌನ್ ಮಾಡಿ ಆನ್ ಮಾಡಿದರೂ ಒಂದೇ ಅಲ್ವಾ ಅಂತ ಕೇಳುತ್ತಾರೆ. ಅಲ್ಲ. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಅಂತ ಒಂದಿದೆ, ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸಿನ ಒಳಭಾಗದ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮುಂದಿನ ಸಲ ಅಲ್ಲಿಂದಲೇ ಶುರು ಮಾಡುತ್ತದೆ. ಪೂರ್ತಿ ಹೊಸದಾಗಿ ಶುರುವಾಗುವುದು ರೀಸ್ಟಾರ್ಟ್ ಮಾಡಿದಾಗ.

ಅಪ್‌ಡೇಟೇ ಬರುತ್ತಿಲ್ಲ ಅಂದರೆ ತಾರೀಕು, ಸಮಯ ಸರಿ ಇದೆಯಾ ನೋಡಿ, ಡಿಸ್ಕಿನಲ್ಲಿ ಜಾಗ ಇದೆಯಾ ನೋಡಿ, ಇಂಟರ್ನೆಟ್ ಸಂಪರ್ಕ ‘ಮೀಟರ್ಡ್’ (ಡೇಟಾ ಬಳಕೆಗೆ ಮಿತಿ ಇರುವುದು) ಅಂತ ಇದ್ದರೆ ಬದಲಿಸಿ. ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್‌ನಿಂದ ಕೈಯಾರೆ ಇಳಿಸಿಕೊಳ್ಳುವವರು 32 ಬಿಟ್ಟೋ 64 ಬಿಟ್ಟೋ ಅಂತ ಖಚಿತ ಮಾಡಿಕೊಳ್ಳಿ, ತಪ್ಪು ಫೈಲ್ ತೆಗೆದುಕೊಂಡರೂ ಅದೇ ‘ಅನ್ವಯಿಸುವುದಿಲ್ಲ’ ಅನ್ನುವ ಉತ್ತರ ಬರುತ್ತದೆ.

ಒಂದು ಮಾತನ್ನು ಕೈ ಮುಗಿದು ಕೇಳಿಕೊಳ್ಳುತ್ತೇವೆ. ಇಲ್ಲದ ಡಿಎಲ್‌ಎಲ್ ಫೈಲನ್ನು ಅದರ ಹೆಸರಲ್ಲಿ ಹುಡುಕಿ ಯಾವುದೋ ಸೈಟಿನಿಂದ ಇಳಿಸಿ ಸಿಸ್ಟಮ್ 32 ಫೋಲ್ಡರಿಗೆ ಹಾಕಬೇಡಿ. ಆ ಫೈಲ್ ಯಾರು ಮಾಡಿದ್ದು, ಒಳಗೆ ಏನಿದೆ, ಯಾರಿಗೂ ಗೊತ್ತಿರುವುದಿಲ್ಲ. ನಿಮ್ಮ ಲೆಕ್ಕ, ಗ್ರಾಹಕರ ವಿವರ ಎಲ್ಲಾ ಇರುವ ಕಂಪ್ಯೂಟರ್ ಅದು. ಮೈಕ್ರೋಸಾಫ್ಟಿನ ಅಪ್‌ಡೇಟ್ ಮೂಲಕ ಮಾತ್ರ ಆ ಫೈಲ್ ಬರಲಿ.

ವಿಂಡೋಸ್ 7ರ ಸಾಮಾನ್ಯ ಗ್ರಾಹಕರಿಗೆ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು, 8.1ಕ್ಕೆ 2023ರ ಜನವರಿ 10ಕ್ಕೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ. ಮೂರರ ಮೇಲೂ ಈ ಆವೃತ್ತಿ ನಡೆಯುತ್ತದೆ, ಮೇಲೆ ಹೇಳಿದ ಅಪ್‌ಡೇಟ್‌ಗಳು ಇದ್ದರೆ. ಆದರೂ ಹೊಸ ಕಂಪ್ಯೂಟರ್ ಕೊಳ್ಳುವ ಯೋಚನೆ ಇದ್ದರೆ ಮುಂದೂಡಬೇಡಿ ಅನ್ನುವುದು ನಮ್ಮ ಅಭಿಪ್ರಾಯ.

ಇಷ್ಟೆಲ್ಲಾ ಮಾಡಿಯೂ ಇನ್‌ಸ್ಟಾಲರ್ ಮುಂದೆ ಹೋಗದಿದ್ದರೆ ನಮಗೆ ಬರೆಯಿರಿ. ವಿನ್‌ವರ್ ಕಿಟಕಿಯ ಫೋಟೋ ಮತ್ತು ಇನ್‌ಸ್ಟಾಲರ್ ತೋರಿಸಿದ ಸಂದೇಶದ ಫೋಟೋ, ಎರಡನ್ನೂ ಕಳಿಸಿ. ಅವೆರಡು ಇದ್ದರೆ ಯಾವ ಅಪ್‌ಡೇಟ್ ಬೇಕು ಅಂತ ನಾವೇ ನೋಡಿ ಹೇಳುತ್ತೇವೆ.

ಇಂತಿ,
ಸಪೋರ್ಟ್ ತಂಡ